ತೂತು ಬಿದ್ದ ಕರಪತ್ರದ ಬಗ್ಗೆ

ರಾಯಚೂರು, ಜುಲೈ 1948

ಠಾಣೆಯ ಅಮೀನ್ ಸಾಹೇಬರಿಗೆ ವಕೀಲರ ಗುಮಾಸ್ತ ರಾಮಲಿಂಗಪ್ಪನ ಸಲಾಮು.

ನಿಜಾಮರ ವಿರುದ್ಧದ ಆ ಇಂಗ್ಲಿಷ್ ಕರಪತ್ರ ನಮ್ಮ ಟೈಪ್ ಮಷೀನಿನದೇ. ಅದರ ತುಂಬ ಇರುವ ಉದ್ಗಾರ ಚಿಹ್ನೆಗೆ ನಿಮ್ಮ ಉರ್ದು ಮಷೀನಿನಲ್ಲಿ ಕೀಲಿ ಇದೆಯಂತೆ, ನಮ್ಮದರಲ್ಲಿ ಇಲ್ಲ. ಮೇಲೊಂದು ಗೀಟು ಹೊಡೆದು, ಒಂದು ಮನೆ ಹಿಂದೆ ಸರಿದು, ಅದರ ಕೆಳಗೆ ಚುಕ್ಕೆ ಹೊಡೆಯಬೇಕು. ಅದನ್ನು ನಮ್ಮ ಟೈಪಿಸ್ಟ್ ಹುಡುಗ ಯಂಕೋಬನಿಗೆ ಕಲಿಸಿದವನು ನಾನು. ಹಗಲೆಲ್ಲ ಆ ಮಷೀನಿಗೆ ಕೂರುವವನೆಂದು ನೀವು ಅವನನ್ನು ಹಿಡಿದು, ಹತ್ತೂ ಬೆರಳನ್ನು ಮೇಜಿನ ಮೇಲಿಟ್ಟು ಲಾಠಿಯಿಂದ ಜಜ್ಜಿದಿರಿ.

ಮೂರು ದಿನ ಹೆದರಿ ಸುಮ್ಮನಿದ್ದೆ. ಗಬ್ಬೂರಿನಿಂದ ಬಂದಿರುವ ಅವನ ತಾಯಿ ಗೋಪಮ್ಮ ಇಂದು ಠಾಣೆಯಿಂದ ನನ್ನ ಬಳಿ ಬಂದು, "ಮಗಗ ತುತ್ತು ಎತ್ತಾಕ ಆಗವಲ್ದು ಯಣ್ಣಾ, ಸರಳಿನ ಸಂದ್ಯಾಗಿಂದ ನಾನೇ ಉಣಸಾಕತ್ತೀನಿ" ಎಂದಳು.

ಕರಪತ್ರದ ಬೆನ್ನಿನ ಮೇಲೆ ಕೈಯಾಡಿಸಿ ನೋಡಿ. ಪ್ರತಿ ಚುಕ್ಕೆಯಲ್ಲೂ ಕಾಗದ ತೂತಾಗಿದೆ. ಯಂಕೋಬನ ಕೈ ಹಗುರ. ಅವನು ಟೈಪು ಮಾಡಿದ ಅರ್ಜಿಗಳು ನಿಮ್ಮ ದಫ್ತರದಲ್ಲೇ ಇವೆ, ಒಂದರಲ್ಲೂ ತೂತಿಲ್ಲ. ಹಾಗೆ ಗುದ್ದುವವನು ನಾನು.

ನಾಳೆ ಬೆಳಗ್ಗೆ ಠಾಣೆಗೆ ಬರುತ್ತೇನೆ. ಅವನನ್ನು ತಾಯಿಯ ಜೊತೆ ಕಳಿಸಿಕೊಡಿ. ಜಪ್ತಿ ಮಾಡಿದ ಮಷೀನು ಮೇಜಿನ ಮೇಲಿರಲಿ. ಮೊದಲು ನನ್ನ ಕೈಲಿ ಟೈಪು ಮಾಡಿಸಿ ನೋಡಿ, ಆಮೇಲೆ ಲಾಠಿ ಎತ್ತಿ. ಅವನ ವಿಷಯದಲ್ಲಿ ನೀವು ಲಾಠಿಯನ್ನೇ ಮೊದಲು ಎತ್ತಿದಿರಿ.

ಹತ್ತೂ ಬೆರಳು ನೆಟ್ಟಗಿರುವ,
ರಾಮಲಿಂಗಪ್ಪ