ಹೊಳೆಗೆ ಹೋದ ಗ್ಯಾನಮ್ಮ

ಮಸ್ಕಿ
೧೯ ಜನವರಿ ೨೦೨೫

ಹಸನ್‌ಸಾಬ್ ಕಾಕಾ ಅವರಿಗೆ ಭಾಗ್ಯಶ್ರೀಯ ಶರಣು.

ಮೂರು ವರ್ಷ ನಿಮ್ಮಿಂದ ಮುಚ್ಚಿಟ್ಟ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಾಚನಾಲಯದ ಒಂದು ಪುಸ್ತಕವನ್ನೂ ನಾನು ಕೊನೆಯತನಕ ಓದಿಲ್ಲ. ನೀವು ಓದಲು ಕೊಟ್ಟದ್ದನ್ನು ಲಿಂಗಸುಗೂರಿನಿಂದ ಬಸ್ಸಿನಲ್ಲಿ ಮನೆಗೆ ತಂದು, ಹಾಗೆಯೇ ವಾಪಸ್ ಒಯ್ಯುತ್ತಿದ್ದೆ. ಮರುದಿನ ನೀವು "ಹೆಂಗಿತ್ತಬೇ?" ಎಂದು ಕೇಳಿದರೆ ತಲೆಯಾಡಿಸುತ್ತಿದ್ದೆ. ನಿಮಗೆ ಕಿವಿ ಕೇಳದ್ದರಿಂದ ಅಷ್ಟೇ ಸಾಕಾಗುತ್ತಿತ್ತು. ಹತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಒಂದು ಕಡೆ ಕೂತರೆ ಕಾಲಲ್ಲಿ ಇರುವೆ ಹರಿದಂತಾಗುತ್ತದೆ. ನಿಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದದ್ದು ಪುಸ್ತಕದ ಆಸೆಗಲ್ಲ, ಅವನ್ನು ಬರೆದವರ ಬಗ್ಗೆ ನೀವು ಆಡುತ್ತಿದ್ದ ಮಾತಿನ ಆಸೆಗೆ.

ಕಾಗದ ತಡವಾಯಿತು, ಮನ್ನಿಸಿ. ಫೋನಿನಲ್ಲಿ ನಿಮಗೆ ಹೇಳುವಂತಿಲ್ಲ. ಶಾಹೀಸ್ತಾ ಅಕ್ಕನ ಬಾಯಿಂದ ಹೇಳಿಸಲು ಮನಸ್ಸಾಗಲಿಲ್ಲ. ಸಿಂಧನೂರಿಗೆ, ಮಗಳ ಮನೆಗೆ ಹೋದ ಮೇಲೆ ನಿಮ್ಮ ಕೆಮ್ಮು ಕಡಿಮೆಯಾಗಿದೆ ಎಂದು ಅಕ್ಕ ಹೇಳಿದಳು. ಆಮೇಲೆ ದನಿ ಇಳಿಸಿ, "ಅಬ್ಬಾ ದಿನಾ ಕೇಳ್ತಾರವಾ, ಗ್ಯಾನಮ್ಮ ಹೆಂಗದಾಳ, ಗೆದ್ದಲು ಹತ್ತಿಲ್ಲಲ್ಲ ಅಂತ. ನಾ ಏನು ಹೇಳ್ಲಿ?" ಎಂದಳು.

ಗ್ಯಾನಮ್ಮ ಇಲ್ಲ ಕಾಕಾ. ಆ ಕಲ್ಲಚ್ಚಿನ ಪುಸ್ತಕ ಹೋಗಿದೆ. ಅದರ ಜೊತೆ ಕೆಂಪು ಬಟ್ಟೆಯ ಎಲ್ಲ ಗಂಟುಗಳೂ ಹೋಗಿವೆ.

ನೀವು ಹೇಳಿದ್ದು ನನಗೆ ಮರೆತಿಲ್ಲ. ಮುಕ್ಕುಂದದ ಕುರಿ ಕಾಯುವವಳು ಗ್ಯಾನಮ್ಮ ಹಾಡು ಕಟ್ಟಿದಳು, ಅವಳಿಗೆ ಅಕ್ಷರ ಬಾರದು, ಬೇರೆ ಯಾರೋ ಕೇಳಿ ಕೇಳಿ ಕಲ್ಲಿನ ಮೇಲೆ ಬರೆದು ಒತ್ತಿಸಿದರು, ಈಗ ಉಳಿದಿರುವುದು ಇದೊಂದೇ ಪ್ರತಿ. ವಳಕಮದಿನ್ನಿಯ ಮಾಸ್ತರನೊಬ್ಬ, ಹೆಂಗಸು ಹಾಡು ಕಟ್ಟುವುದೇ ತಪ್ಪೆಂದು ಅವಳ ಮೇಲೆ ಒಂದು ಪುಸ್ತಕ ಬರೆದ. ನಿಮ್ಮ ಕಪಾಟುಗಳಲ್ಲಿ ನಂಬರು ಇರಲಿಲ್ಲ. ಯಾರಿಗೆ ಯಾರು ಸೇರುತ್ತಾರೆ ಎಂದು ನೋಡಿ ನೀವು ಪುಸ್ತಕ ಇಡುತ್ತಿದ್ದಿರಿ. "ಮಾಸ್ತರನ್ನ ಕಿಟಕಿ ಕಡೆ ಕೂಡಸು. ಈಕಿ ಬಾಜೂ ಇಟ್ರ ರಾತ್ರಿಯೆಲ್ಲಾ ಜಗಳಾಡ್ತಾರ" ಎನ್ನುತ್ತಿದ್ದಿರಿ. ನಾನು ನಗುತ್ತಿದ್ದೆ, ನೀವು ನಗುತ್ತಿರಲಿಲ್ಲ.

ನಡೆದದ್ದು ಇಷ್ಟು. ನೀವು ಹೋದ ಮೇಲೆ ಟ್ರಸ್ಟಿನ ಅಧ್ಯಕ್ಷ ಅಮರಗುಂಡಪ್ಪನವರು ಕಟ್ಟಡಕ್ಕೆ ಸುಣ್ಣ ಹೊಡೆಸಲು ಹೊರಟರು. ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನ ಕಪಾಟು ಖಾಲಿ ಮಾಡುತ್ತಿದ್ದೆವು. ಅವರ ತಾಯಿ ಕಸ್ತೂರೆಮ್ಮ ನೋಡಲು ಬಂದರು. ನಿಮ್ಮ ಗಂಟುಗಳು ಮೇಜಿನ ಮೇಲಿದ್ದವು. ಹುಳ ಹತ್ತಬಾರದೆಂದು ನೀವು ಕೆಂಪು ಬಟ್ಟೆಯಲ್ಲಿ ಬಜೆ, ಬೇವು ಇಟ್ಟು ಕಟ್ಟಿದ್ದಿರಿ. ವರ್ಷವರ್ಷ ಮಹಾನವಮಿಗೆ ಟ್ರಸ್ಟಿನವರು ಬಂದು ಅವುಗಳ ಮೇಲೆ ವಿಭೂತಿ ಎಳೆಯುತ್ತಿದ್ದರು. ನೀವೂ ಬೇಡ ಅನ್ನುತ್ತಿರಲಿಲ್ಲ. ಆದರೆ ಅವರ ಮನೆಗಳಲ್ಲಿ ಹರಿದ ಪೂಜೆಯ ಪುಸ್ತಕಗಳನ್ನು ಹೊಳೆಗೆ ಬಿಡುವ ಮೊದಲು ಕಟ್ಟುವುದೂ ಹೀಗೆಯೇ: ಕೆಂಪು ಬಟ್ಟೆ, ಮೇಲೆ ವಿಭೂತಿ. ರದ್ದಿಗೆ ಹಾಕುವಂತಿಲ್ಲ, ಸುಡುವಂತಿಲ್ಲ, ಹರಿಯುವ ನೀರಿಗೇ ಬಿಡಬೇಕು.

"ಎಷ್ಟು ವರ್ಷದಿಂದ ಕಟ್ಟಿಟ್ಟೀರೆವ್ವಾ ಇವನ್ನ? ಪಾಪ ಹತ್ತತೈತಿ" ಎಂದರು ಕಸ್ತೂರೆಮ್ಮ. "ನಾಳೆ ಅಮಾಸಿ. ತವರುಮನಿಗೆ ಮುಕ್ಕುಂದಕ್ಕ ಹೊಂಟೀನಿ. ಹೊಳಿಗೆ ಬಿಟ್ಟು ಬರ್ತೀನಿ."

"ಒಳಗೇನೈತೋ ನನಗ ಗೊತ್ತಿಲ್ಲರೀ ಅಮ್ಮಾ. ಕಾಕಾನ್ನ ಕೇಳಬೇಕು" ಎಂದೆ.

"ಕಿವಿ ಕೇಳದವನ್ನ ಏನು ಕೇಳ್ತೀಬೇ? ಎತ್ತು."

ನೀವು ಗಂಟು ಬಿಚ್ಚಿದ್ದನ್ನು ನಾನು ನೋಡಿದ್ದು ಕಡಿಮೆ. ಯಾವ ಗಂಟಿನಲ್ಲಿ ಯಾರಿದ್ದಾರೆ ಎಂದು ತಿಳಿದಿರಲಿಲ್ಲ. ಆದರೆ ಒಂದು ಗಂಟು ಬಿಚ್ಚಿ ನೋಡಬಹುದಿತ್ತು. ಐದೂವರೆಯ ಬಸ್ಸು ತಪ್ಪುತ್ತದೆಂದು ನೋಡಲಿಲ್ಲ. ಅವರ ಕಾರಿನಲ್ಲಿ ನಾನೇ ಇಟ್ಟುಬಂದೆ. ಇದನ್ನು ಚಂದ ಮಾಡಿ ಬರೆಯಲು ನನಗೆ ಬರುವುದಿಲ್ಲ.

ಡಿಸೆಂಬರಿನಲ್ಲಿ ಕಲಬುರಗಿಯಿಂದ ಒಬ್ಬರು ಮೇಡಂ ಹಳೆಯ ಕಲ್ಲಚ್ಚಿನ ಪುಸ್ತಕಗಳನ್ನು ನೋಡಲು ಬಂದರು. ಮೊದಲು ಕೇಳಿದ್ದೇ ಗ್ಯಾನಮ್ಮನನ್ನು. ಕಪಾಟುಗಳಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ; ಗಂಟಿನಲ್ಲೇ ಹೋಗಿದ್ದಾಳೆಂದು ಆಗ ತಿಳಿಯಿತು. ಅವರು ಚಹಾ ಕುಡಿದು ಛತ್ರಕ್ಕೆ ಹೋದ ಮೇಲೆ ಟ್ರಸ್ಟಿನವರೆಲ್ಲ ಬಾಗಿಲು ಮುಂದೆ ಮಾಡಿ ಕೂತರು. ಗಂಟು ಎಲ್ಲಿ ಹೋದವು ಎಂಬ ಮಾತು ಬಂದಾಗ, "ಹಸನ್‌ಸಾಬ್ ಹೋಗೋ ಮುಂದ ಟಂಟಂ ಗಾಡ್ಯಾಗ ಭಾಳ ಸಾಮಾನ ಒಯ್ದಾನ" ಎಂಬ ಮಾತೂ ಬಂತು. ಉಳಿದವರಿಗೆ ಅಷ್ಟೇ ಸಾಕಾಯಿತು. ಇಂಥ ಪುಸ್ತಕಕ್ಕೆ ಹೈದರಾಬಾದಿನಲ್ಲಿ ಎಷ್ಟು ಬೆಲೆ ಬರುತ್ತದೆ ಎಂದು ಒಬ್ಬರು ಫೋನಿನಲ್ಲಿ ಹುಡುಕಿದರು. ಅಮರಗುಂಡಪ್ಪನವರು ದೊಡ್ಡ ಮನಸ್ಸು ಮಾಡಿ, "ಮುದುಕ ಅದಾನ, ಪೊಲೀಸರ ತನಕ ಬ್ಯಾಡ, ಬಿಟ್ಟುಬಿಡ್ರಿ" ಎಂದರು. ನಲವತ್ತು ವರ್ಷ ಆ ಬಾಗಿಲ ಕೀಲಿ ಇಟ್ಟುಕೊಂಡಿದ್ದ ನಿಮಗೆ ಅವರು ಕೊಟ್ಟ ಮಾಫಿ ಇದು.

ನಾನು ಎದ್ದು ಹೇಳಿದೆ. "ಟಂಟಂದಾಗ ಹೋಗಿದ್ದು ಎರಡು ಟ್ರಂಕು, ಒಂದು ಹಾಸಿಗಿ. ಕಟ್ಟಿದಾಕಿ ನಾನು. ಗಂಟು ಒಯ್ದೋರು ನಿಮ್ಮ ತಾಯಿಯವರು. ಹೊಳಿಗೆ ಬಿಟ್ಟಾರ."

ಅಮರಗುಂಡಪ್ಪನವರು ನನ್ನನ್ನೇ ನೋಡಿ, "ನಾಳಿಂದ ಬರಬ್ಯಾಡ" ಎಂದರು. ಅಷ್ಟರಲ್ಲೇ ಸಭೆ ಮುಗಿಯಿತು. ಆದರೆ ಮಾತು ಮುಗಿಯಲಿಲ್ಲ. ಎರಡು ದಿನ ಬಿಟ್ಟು ಲಿಂಗಸುಗೂರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯವನು ನನ್ನನ್ನು ಕರೆದು, "ನಿಮ್ಮ ಸಾಬ್ರು ಪುಸ್ತಕ ಮಾರಿ ಸಿಂಧನೂರಾಗ ಮನಿ ಕಟ್ಟಿಸ್ಯಾರಂತಲ್ಲ, ಖರೇನ?" ಎಂದ. ಮಗಳ ಎರಡು ಕೋಣೆಯ ಬಾಡಿಗೆ ಮನೆಯ ವಿಷಯ ಇದು.

ಸಂಜೆ ಕಸ್ತೂರೆಮ್ಮನವರ ಮನೆಗೇ ಹೋದೆ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಅವರು ಕಾಳು ಆರಿಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ಮೊದಲು ಸಿಟ್ಟಿಗೆದ್ದರು.

"ಕಾಯಿ ಒಡದು, ಹೂ ಏರಿಸಿ, ಮೊಣಕಾಲು ನೀರಾಗ ನಿಂತು ಬಿಟ್ಟೀನಿ. ನಿಮ್ಮ ಕಾಕಾ ಅಷ್ಟು ಮರ್ಯಾದಿ ಮಾಡಿದ್ನಾ?"

"ಮಾಡ್ತಿದ್ರು ಅಮ್ಮಾ. ನೀವು ಬಿಟ್ಟಿದ್ದು ನಿಮ್ಮೂರ ಹೆಣ್ಣುಮಗಳ ಹಾಡು. ಮತ್ತೊಂದು ಪ್ರತಿ ಎಲ್ಲೂ ಇಲ್ಲ. ಈಗ ಕಾಕಾ ಕಳ್ಳ ಆಗ್ಯಾರ."

ಅವರು ಮೊರವನ್ನು ಪಕ್ಕಕ್ಕಿಟ್ಟು, "ಮುಕ್ಕುಂದದಾಕೀನ?" ಎಂದು ಕೇಳಿದರು. ಹೌದೆಂದೆ. ಊಟ ಮಾಡಿಕೊಂಡು ಹೋಗು ಅಂದರು. ನಾನು ಉಣ್ಣಲಿಲ್ಲ.

ಸೋಮವಾರ ಅವರು ಕೋಲು ಊರಿಕೊಂಡು ವಾಚನಾಲಯಕ್ಕೆ ಬಂದು ನಿಮ್ಮ ಕುರ್ಚಿಯ ಮೇಲೆ ಕೂತಿದ್ದಾರೆ ಎಂದು ಕೇಳಿ ನಾನೂ ಬಸ್ಸು ಹತ್ತಿ ಹೋದೆ. ಟ್ರಸ್ಟಿನವರನ್ನು, ಚಹಾದ ಅಂಗಡಿಯವನನ್ನು, ಪೇಪರ್ ಓದಲು ಬಂದವರನ್ನು ಎಲ್ಲ ಕರೆಸಿದ್ದರು.

"ಕೇಳ್ರೆಪಾ. ಹಸನ್‌ಸಾಬ್ ಒಂದು ಹಾಳಿ ಮುಟ್ಟಿಲ್ಲ. ಹೊಳಿಗೆ ಬಿಟ್ಟಾಕಿ ನಾನು. ಪುಣ್ಯ ಅಂತ ತಿಳಿದಿದ್ದೆ. ಬೈಯೋರು ನನ್ನ ಬೈರಿ."

ಅಮರಗುಂಡಪ್ಪನವರು ಮುಖ ಕೆಂಪಗೆ ಮಾಡಿಕೊಂಡು, "ಯವ್ವಾ, ನಡಿ ಮನಿಗೆ" ಎಂದರು.

"ನಡೀತೀನಿ. ಮೊದಲು ಇವರು ಹೂಂ ಅನ್ಲಿ."

ಒಬ್ಬೊಬ್ಬರಾಗಿ ಎಲ್ಲರೂ ಹೂಂ ಅಂದರು. ಚಹಾದ ಅಂಗಡಿಯವನು ಎರಡು ಸಲ ಅಂದ. ಲಿಂಗಸುಗೂರಿನಲ್ಲಿ ಈಗ ನಿಮ್ಮ ಮೇಲೆ ಮಾತಿಲ್ಲ ಕಾಕಾ. ಇದನ್ನು ಬರೆಯಲೆಂದೇ ಇಷ್ಟು ದಿನ ಕಾದೆ. ಆದರೂ ಬರೆಯುವಾಗ ಸಂತೋಷವಾಗುತ್ತಿಲ್ಲ. ಬಹಳ ದೂರ ನಡೆದು ಬಂದು ಕೂತಂತೆ ಅನ್ನಿಸುತ್ತಿದೆ, ಅಷ್ಟೇ.

ಇನ್ನೊಂದು ಸುದ್ದಿ. ಆ ಮೇಡಂ ಕಿಟಕಿಯ ಕಡೆಯ ಕಪಾಟಿನಿಂದ ವಳಕಮದಿನ್ನಿ ಮಾಸ್ತರನ ಪುಸ್ತಕ ತೆಗೆದು ಓದಿದ್ದರು. ಗಂಟಿಲ್ಲದೆ, ವಿಭೂತಿಯಿಲ್ಲದೆ ಇದ್ದದ್ದಕ್ಕೆ ಅವನು ಉಳಿದ. ಗ್ಯಾನಮ್ಮನನ್ನು ಬೈಯುವಾಗ, ನೋಡಿ ಈಕೆ ಎಂಥ ಹಾಡು ಕಟ್ಟಿದ್ದಾಳೆ ಎಂದು ಒಂದು ಕಡೆ ಎರಡು ಸಾಲು ಬರೆದಿದ್ದಾನೆ. ಮೇಡಂ ನನಗೆ ಓದಿ ಹೇಳಿದರು:

ಕುರಿಯ ಕಾಯ್ವಳಿಗೆ ಕತ್ತಲೆಂಬುದಿಲ್ಲ,
ಕೊರಳ ಗಂಟೆಯೇ ಅವಳ ಕಣ್ಣು.

ಅವಳ ಪುಸ್ತಕವನ್ನು ಪೂರ್ತಿ ಓದಿದವರು ಈಗ ನೀವೊಬ್ಬರೇ. ನೆನಪಿದ್ದಷ್ಟನ್ನು ಹೇಳಿ, ಶಾಹೀಸ್ತಾ ಅಕ್ಕನ ಕೈಯಲ್ಲಿ ಬರೆಸಿ. ಮನಸ್ಸಿಲ್ಲದಿದ್ದರೆ ಬೇಡ. ಕೇಳುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ.

ಚಳಿ ಇದೆ, ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ. ಅಕ್ಕನ ಮಕ್ಕಳಿಗೆ ನನ್ನ ಪ್ರೀತಿ. ನಿಮ್ಮ ದುವಾದಲ್ಲಿ ನನಗೂ ಒಂದಿಷ್ಟು ಜಾಗ ಇರಲಿ.

ನಿಮ್ಮ
ಭಾಗ್ಯಶ್ರೀ

ತಾ.ಕ.: ಟಂಟಂದ ಮಾತನ್ನು ಮೊದಲು ಆಡಿದವರು ಯಾರೆಂದು ಮೇಲೆ ಬರೆಯಲಿಲ್ಲ. ಬರೆಯಬಾರದೆಂದು ಮನೆಯಲ್ಲಿ ಹೇಳಿದ್ದಾರೆ. ಆಡಿದವರು ನಮ್ಮ ಅಪ್ಪ. ಟ್ರಸ್ಟಿನ ಸದಸ್ಯನಾಗಿ ಕೆಲಸಕ್ಕೆ ಬಂದ ದಿನವೆಲ್ಲ ನಿಮ್ಮ ಎದುರು ಕೂತು, ಒಂದೇ ಚಹಾವನ್ನು ನಿಮಗೆ ಕಪ್ಪು, ತನಗೆ ಬಸಿ ಎಂದು ಹಂಚಿಕೊಂಡು ಕುಡಿದ ಸಂಗನಬಸವ. ಯಾಕೆ ಅಂದೆ ಎಂದು ಕೇಳಿದರೆ, "ಸುಮ್ಮನ ಬಾಯಿಗೆ ಬಂತು, ಅಂದೆ" ಎನ್ನುತ್ತಾರೆ. ಸಿಂಧನೂರಿಗೆ ಹೋಗಿ ಅದನ್ನೇ ಕಾಕಾಗೆ ಹೇಳು ಎಂದೆ. "ಅವನ ಮುಂದ ಹೆಂಗ ನಿಂದ್ರಲಿಬೇ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಅಂದಿನಿಂದ ನಾವಿಬ್ಬರೂ ಮಾತಾಡಿಲ್ಲ. ಹೊಸಪೇಟೆಯಲ್ಲಿ ಚನ್ನು ಅಣ್ಣನ ಹೆಂಡತಿ ಹೊಲಿಗೆಯ ಅಂಗಡಿ ಇಟ್ಟಿದ್ದಾಳೆ, ಕೆಲಸ ಇದೆ ಎಂದಿದ್ದಾಳೆ. ನಾಳೆ ಬೆಳಗ್ಗೆ ಹೊರಡುತ್ತೇನೆ.