ಅಂಚು ಕೇಳದ ಗಿರಾಕಿಗಳು

ಚಳ್ಳಕೆರೆ
೧೪ ನವೆಂಬರ್ ೨೦೨೫

ಪ್ರೀತಿಯ ಮಗ ಮಾರುತೇಶನಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯಪ್ಪ? ಭುಜ್ ಕಡೆ ಚಳಿ ಶುರುವಾಗಿರಬೇಕು. ಗಾಳಿಯಂತ್ರದ ಕಂಬ ಹತ್ತುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಮೇಲಿನ ಗಾಳಿ ಯಾರ ಮಗ ಎಂದು ನೋಡುವುದಿಲ್ಲ. ನನ್ನ ಮಂಡಿ ನೋವು ಹಾಗೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಿಮ್ಮಪ್ಪ ನನ್ನಿವಾಳದ ಹೊಲದಲ್ಲಿ ಶೇಂಗಾ ಕೀಳಿಸುತ್ತಿದ್ದಾರೆ. ಫೋನ್ ಇರುವಾಗ ಅವ್ವ ಕಾಗದ ಯಾಕೆ ಬರೆದಳು ಎನ್ನುತ್ತೀಯ. ಫೋನ್ ಹಿಡಿದರೆ ಪಕ್ಕದಲ್ಲೇ ನಿನ್ನ ಹೆಂಡತಿ ಇರುತ್ತಾಳೆ. ಸೊಸೆಯನ್ನು ಅವಳ ಎದುರಿಗೇ ಹೊಗಳಲು ನನಗೆ ನಾಚಿಕೆ.

ತೇಜಶ್ರೀಯ ಪ್ರಚಾರದ ಅಂಗಡಿಯ ಕಷ್ಟ ನಿನಗೆ ಗೊತ್ತೇ ಇದೆ. ಊರಿನ ವ್ಯಾಪಾರಿಗಳಿಗೆ ವಿಡಿಯೊ ಮಾಡಿ ಫೋನಿನಲ್ಲಿ ಬಿಡುವ ಕೆಲಸಕ್ಕೆ ಹೊಗಳಿಕೆ ಸಿಗುತ್ತದೆ, ಗಿರಾಕಿ ಸಿಗುವುದಿಲ್ಲ. ಕಡೆಗೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ವೆಂಕಟಪ್ಪನವರು ಒಂದು ತಿಂಗಳು ನೋಡೋಣ ಎಂದು ಒಪ್ಪಿದ್ದರು. "ಇವ್ರೂ ಕೈಬಿಟ್ರೆ ಸಂಕ್ರಾಂತಿಗೆ ಅಂಗಡಿಗೆ ಬೀಗ ಹಾಕ್ತೀನಿ" ಎಂದು ಅವಳು ನಿನಗೆ ಫೋನಿನಲ್ಲಿ ಹೇಳಿದ್ದಳಲ್ಲ. ಅದಾದ ಮೇಲೆ, ವಿಡಿಯೊ ನೋಡಿದೆವು ಎಂದು ದೂರದ ಊರಿನ ಮೂವರು ಫೋನ್ ಮಾಡಿ ಮೂರು ಸೀರೆ ಕೊಂಡರಂತೆ. ಇಡೀ ವರ್ಷಕ್ಕೆ ಮಾತಾಡೋಣ ಬಾ ಎಂದು ವೆಂಕಟಪ್ಪನವರು ಹೇಳಿಕಳಿಸಿದರು. ಮಗ್ಗ ನೋಡುವ ಆಸೆಗೆ ನಾನೂ ಅವಳ ಜೊತೆ ಬಸ್ಸು ಹತ್ತಿದೆ.

ಹೋದಾಗ ಅವರ ಹೆಂಡತಿ ಓಬಳಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ವೆಂಕಟಪ್ಪನವರು ಚಾಪೆ ಹಾಸಿ, "ಬಾರಮ್ಮಾ, ನಿನ್ ಕೈಗುಣ ಚೆನ್ನಾಗೈತೆ. ಒಂದ್ ವರ್ಷಕ್ಕೆ ಮಾತು ಮುಗಿಸಿಬಿಡಾನ" ಎಂದರು. ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ. ನಿನ್ನ ಹೆಂಡತಿ ಹೇಳಿದ್ದು ಕೇಳು: "ಅಪ್ಪಾಜಿ, ಆ ಮೂರು ಸೀರೆ ನನ್ ಲೆಕ್ಕಕ್ಕೆ ಹಿಡೀಬೇಡ್ರಿ. ಕೊಂಡೋರು ನಮ್ ಪೈಕಿಯೋರೇ. ಅವ್ರಲ್ಲಿ ಒಬ್ರಾದ್ರೂ ಅಂಚು ಕೇಳಿದ್ರಾ? ಸೆರಗು ಬಿಚ್ಚಿ ತೋರಿಸ್ರಿ ಅಂದ್ರಾ? ಚೌಕಾಸಿ ಮಾಡಿದ್ರಾ?" ಓಬಳಮ್ಮ ಮಗ್ಗ ನಿಲ್ಲಿಸಿ ನಕ್ಕರು. "ಅದೇ ಅಂದ್ಕಂಡೆ. ಬಣ್ಣಾನೂ ಕೇಳ್ದೆ ದುಡ್ಡು ಹಾಕಿದ್ರು. ಗಂಡಸ್ರೇ ಇರಬೇಕು ಅಂತ."

ನಾನು ಸೆರಗಿನ ಮರೆಯಲ್ಲಿ ಅವಳ ತೊಡೆ ಚಿವುಟಿದೆ. ಅವಳು ಕಾಲು ಸರಿಸಿಕೊಂಡು ಮಾತು ಮುಂದುವರಿಸಿದಳು. "ವಿಡಿಯೊ ಸಾವಿರಾರು ಜನ ನೋಡ್ಯಾರೆ, ಅದು ನಿಜ. ಮುಕ್ಕಾಲು ಪಾಲು ಬೆರಳಾಡಿಸ್ಕಂಡು ಹೋಗೋ ಹುಡುಗ್ರು. ಸೀರೆ ಕೊಳ್ಳೋರು ಇನ್ನೂ ಬಂದಿಲ್ಲ. ಬಂದೇ ಬರ್ತಾರೆ ಅಂತ ಹೇಳಾಕೆ ನನ್ ಕೈಲಿ ಆಗಲ್ಲ." ವೆಂಕಟಪ್ಪನವರು ಕನ್ನಡಕ ತೆಗೆದು, "ಏಮಮ್ಮಾ, ವಚ್ಚಿನ ಲಕ್ಷ್ಮಿನಿ ಪೊಮ್ಮಂಟಾವಾ?" ಎಂದು ತೆಲುಗಿನಲ್ಲಿ ಗದರಿದರು. ಬಂದ ಲಕ್ಷ್ಮಿಯನ್ನು ಹೋಗು ಅಂತೀಯಾ ಎಂದು. "ಹೋಗು ಅನ್ನಲ್ಲ ಅಪ್ಪಾಜಿ. ನಾನು ಕರ್ಕಂಡು ಬಂದೆ ಅನ್ನಲ್ಲ, ಅಷ್ಟೇ" ಎಂದಳು. ಏನು ಧೈರ್ಯ ಮಗನೇ! ಹಾಗಾದರೆ ವರ್ಷದ ಮಾತು ಬೇಡ ಬಿಡು ಎಂದರು ಅವರು. ಅಂಗಡಿಯ ಬೀಗ ನನ್ನ ಕಣ್ಣೆದುರು ಬಂತು.

ಎದ್ದು ಚಪ್ಪಲಿ ಮೆಟ್ಟುತ್ತಿದ್ದೆವು. ಓಬಳಮ್ಮ ಗುಂಡಿಯೊಳಗಿಂದಲೇ ಗಂಡನ ಮೇಲೆ ಹರಿಹಾಯ್ದರು. "ಹೋದ ವರ್ಷ ಪ್ರಚಾರ ಮಾಡ್ತೀನಿ ಅಂತ ಬಂದೋನು ದೇಶಕ್ಕೆಲ್ಲಾ ನಮ್ ಸೀರೆ ಉಡಿಸ್ತೀನಿ ಅಂದ. ದುಡ್ಡು ಇಸ್ಕಂಡ ಮೇಲೆ ಫೋನೇ ಎತ್ತಲಿಲ್ಲ. ಈವಮ್ಮ ಕೆಲಸ ಆಗಿಲ್ಲ ಅಂತ ಹೇಳಾಕೆ ಬಸ್ ಹತ್ಕಂಡು ಬಂದೈತೆ. ಕಳಿಸಿಬಿಡ್ತೀಯಾ?" ವೆಂಕಟಪ್ಪನವರು ಕನ್ನಡಕ ಒರೆಸಿ ಹಾಕಿಕೊಂಡರು. ಕೊನೆಗೆ ಇನ್ನೊಂದು ತಿಂಗಳಿಗೆ ಒಪ್ಪಿದರು. ಒಂದೇ ಷರತ್ತು: ಪ್ರತಿ ಶನಿವಾರ ಅವಳೇ ಬಂದು, ಆಗಿದ್ದನ್ನಷ್ಟೇ ಅಲ್ಲ, ಆಗದೇ ಇದ್ದುದನ್ನೂ ಹೇಳಬೇಕು. ಈ ಸಲ ಹಾಡು ಕುಣಿತ ಬಿಟ್ಟು, ಓಬಳಮ್ಮನ ಕೈ ಅಂಚು ನೇಯುವುದನ್ನೇ ತೋರಿಸುತ್ತಾಳಂತೆ, ಬಳ್ಳಾರಿ ರಾಯದುರ್ಗದ ಮದುವೆ ಮನೆಗಳಿಗೆ. ಗೆಲ್ಲುತ್ತಾಳೋ ಇಲ್ಲವೋ, ನನಗೆ ತಿಳಿಯದು. ಹೆಣ್ಣು ಮಾತ್ರ ಗಟ್ಟಿ. ಬಸ್ಸಿನಲ್ಲಿ, ನಮ್ಮ ಪೈಕಿ ಯಾರೇ ಅದು ಎಂದು ಕೇಳಿದೆ. "ಬಿಡತ್ತೆ, ಯಾರೋ ಒಳ್ಳೇ ಮನಸಿನೋರು. ಬೇಜಾರಾಗಬಾರದು ಅವ್ರಿಗೆ" ಎಂದು ಕಿಟಕಿಯ ಕಡೆ ತಿರುಗಿದಳು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಹುಡುಗರಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅವ್ವ,
ಕಾಟಮ್ಮ

ಮರೆತಿದ್ದೆ: ಹೊರಡುವಾಗ ಬಾಗಿಲ ಬಳಿ ಆ ಮೂರು ಸೀರೆಯ ಪಾರ್ಸಲ್ ಕಟ್ಟಿಟ್ಟಿತ್ತು. ಅದರ ಮೇಲಿನ ವಿಳಾಸವನ್ನೇ ಈಗ ಈ ಲಕೋಟೆಯ ಮೇಲೂ ಬರೆಯುತ್ತಿದ್ದೇನೆ. ಗೆಳೆಯರ ಕೈಲಿ ಫೋನ್ ಮಾಡಿಸಿದ್ದು ಅಂಗಡಿ ಉಳಿಯಲಿ ಎಂಬ ಪ್ರೀತಿಗೆ, ನನಗೆ ಗೊತ್ತು. ಅವಳಿಗೂ ಗೊತ್ತು, ಬಾಯಿ ಬಿಡುವುದಿಲ್ಲ. ಅವಳು ತನ್ನ ಗಿರಾಕಿಗೆ ನಿಜ ಹೇಳಿ ಬಂದಳು. ನೀನು ಅವಳಿಗೆ ಹೇಳುವುದು ಬಾಕಿ. ಈ ಕಾಗದ ಮುಟ್ಟಿದ ದಿನವೇ ಫೋನ್ ಮಾಡು. ಹೆಚ್ಚು ಮಾತು ಬೇಡ. "ಆ ಮೂರರಲ್ಲಿ ನಿನಗೆ ಯಾವ ಅಂಚು ಇಷ್ಟ?" ಎಂದು ಅವಳನ್ನು ಕೇಳು, ಸಾಕು.