ಕಟ್ಟಿನ ತಳದ ಹಾಳೆ

ಗುರುವಾರ, ಊಟದ ಹೊತ್ತು

ಸದ್ಯಕ್ಕೆ ತಮ್ಮನ ಮನೆಯಲ್ಲಿರುವ ನಮ್ಮ ಮನೆಯವರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿಯೇ ಇರುತ್ತೀರಿ, ನನ್ನ ಓರಗಿತ್ತಿಯ ಕೈಯಡುಗೆ ಯಾರನ್ನೂ ಸೊರಗಲು ಬಿಡುವುದಿಲ್ಲ. ನಿಮ್ಮ ಗಡಿಯಾರ ರಿಪೇರಿ ಅಂಗಡಿ ಮುಚ್ಚಿದ ವಾರವೇ ನಾನು ಹೊಲಿಗೆಯಂಗಡಿ ತೆರೆದದ್ದು ನಿಮಗೆ ನುಂಗಲಾರದ ತುತ್ತಾಯಿತು. ಆರು ತಿಂಗಳಲ್ಲಿ ಇದಕ್ಕೂ ಬೀಗ ಬೀಳುತ್ತೆ ನೋಡು ಎಂದು ಹೇಳಿ ಹೊಸ್ತಿಲು ದಾಟಿದಿರಿ. ವರ್ಷ ಕಳೆಯಿತು, ಬೀಗ ಬಿದ್ದಿಲ್ಲ. ಒಂದಿದ್ದ ಮಷೀನು ಮೂರಾಗಿದೆ. ಕೋಟಿಗೆ ತೋಳು ಕೂರಿಸುವುದರಲ್ಲಿ ಈ ಪೇಟೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ, ಗಿರಾಕಿಗಳ ಮಾತು. ಸರಿ, ಸ್ವಲ್ಪ ಜಂಬವೂ ಇದೆ.

ವ್ಯಾಪಾರ ಇನ್ನೂ ಬೆಳೆಯಲಿ ಎಂದು ಕರಪತ್ರ ಅಚ್ಚು ಹಾಕಿಸಿದೆ. ಅಂಚೆಯಲ್ಲಿ ಜಾಹೀರಾತಿಗೆ ಬೇರೆಯೇ ದರ, ಕಾಗದದ ದರದ ಕಾಲುಭಾಗವೂ ಇಲ್ಲ. ವಿಳಾಸ ಬರೆಯುವ ತಾಪತ್ರಯವೂ ಇಲ್ಲ. ಬೀದಿ ಯಾವುದೆಂದು ಹೇಳಿ ಕಟ್ಟು ಕೊಟ್ಟರೆ ಪೋಸ್ಟ್‌ಮ್ಯಾನ್ ಮನೆಮನೆಗೂ ಹಾಕುತ್ತಾನೆ. ಆದರೆ ಎಲ್ಲ ಹಾಳೆಯಲ್ಲೂ ಒಂದೇ ಮಾತಿರಬೇಕು, ಕೈಬರಹ ಕೂಡದು.

ಈ ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಹಾಳೆಯ ಮೂಲೆಯಲ್ಲಿ ನಿಮ್ಮ ತಮ್ಮನ ಮನೆಯ ನಂಬರು ಹಾಕಿ, ಅಂಗಡಿಯ ಗಡಿಯಾರ ನಿಂತಿದೆ, ಬಂದು ನೋಡಿ ಎಂದು ಬರೆದು ಕಟ್ಟಿನ ತಳಕ್ಕೆ ಸೇರಿಸಿದೆ. ನಾನು ಚಾಪೆಯ ಕೆಳಗೆ ತೂರಿದರೆ ಅಂಚೆ ಕೌಂಟರಿನಾಕೆ ರಂಗೋಲಿಯ ಕೆಳಗೆ ತೂರುವವಳು. ಕಳ್ಳಮಾಲು ಯಾವಾಗಲೂ ತಳದಲ್ಲೇ ಇರುತ್ತೆ ಎನ್ನುತ್ತಾ ಕೆಳಗಿನ ಹಾಳೆಯನ್ನೇ ಎಳೆದಳು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದಳು. ಎಲ್ಲರಿಗೂ ಹೇಳೋದು ಜಾಹೀರಾತು ಕಣಮ್ಮ, ಒಬ್ಬರಿಗೇ ಹೇಳೋದು ಕಾಗದ, ಇದೊಂದಕ್ಕೋಸ್ಕರ ಇಡೀ ಕಟ್ಟಿಗೆ ಕಾಗದದ ದರ ಹಾಕ್ಲಾ ಎಂದಳು. ಹಿಂದೆ ನಿಂತಿದ್ದ ಮುದುಕರೊಬ್ಬರು, ಗಡಿಯಾರ ನೋಡೋಕೆ ಊರಲ್ಲಿ ಬೇರೆ ಯಾರೂ ಇಲ್ವೇನಮ್ಮ ಎಂದು ಕೇಳಿದರು. ಇದ್ದಾರೆ ತಾತ, ಆದ್ರೆ ಅದು ನಮ್ಮ ಮನೆಯವರ ಕೈಗೆ ಮಾತ್ರ ಬಗ್ಗುತ್ತೆ ಎಂದುಬಿಟ್ಟೆ.

ಆ ಹಾಳೆ ತೆಗೆದು, ಬದಲಿಗೆ ಬರಿಯ ಕರಪತ್ರವೊಂದನ್ನು ಸೇರಿಸಿ ಕಟ್ಟು ಕೊಟ್ಟೆ. ಆಮೇಲೆ ಪೂರ್ತಿ ದರದ ಅಂಚೆಚೀಟಿ ಕೊಂಡೆ. ಪೂರ್ತಿ ದರ ಕೊಟ್ಟು ಅರ್ಧ ಮಾತು ಬರೆದರೆ ನಷ್ಟ, ಆದ್ದರಿಂದ ಎಲ್ಲ ಬರೆಯುತ್ತೇನೆ. ಗಡಿಯಾರ ಕೆಟ್ಟಿಲ್ಲ, ಬೇಕೆಂದೇ ಕೀಲಿ ಕೊಟ್ಟಿಲ್ಲ. ನೀವಿಲ್ಲದೆ ನನಗೆ ತುಂಬಾ ಬೇಸರ. ಅಂಗಡಿಯನ್ನಂತೂ ಮುಚ್ಚುವುದಿಲ್ಲ. ಕಿಟಕಿಯ ಪಕ್ಕ, ಬೆಳಕು ಚೆನ್ನಾಗಿ ಬೀಳುವ ಕಡೆ, ನಿಮ್ಮ ರಿಪೇರಿ ಮೇಜಿಗೆ ಜಾಗ ಅಳೆದಿಟ್ಟಿದ್ದೇನೆ. ಹೆಂಡತಿಯ ಅಂಗಡಿಗೆ ಸೋತು ಬಂದ ಎಂದು ಯಾರಾದರೂ ಆಡಿಕೊಂಡರೆ ಅವರ ಬಾಯಿಗೆ ನಾನೇ ಹೊಲಿಗೆ ಹಾಕುತ್ತೇನೆ. ಭಾನುವಾರ ಬಾಗಿಲು ತೆರೆದಿರುತ್ತದೆ.

ನೀವು ರೇಗಿಸಲು ಇಟ್ಟ ಹೆಸರನ್ನೇ ಬೋರ್ಡಿನ ಮೇಲೂ ಬರೆಸಿಕೊಂಡಿರುವ,
ನಿಮ್ಮ ಟೈಲರಮ್ಮ

ಇನ್ನೊಂದು ಮಾತು: ನಾಳೆ ನಾಡಿದ್ದರಲ್ಲಿ ಕರಪತ್ರವೂ ನಿಮ್ಮ ಬಾಗಿಲಿಗೆ ಬರುತ್ತದೆ. ಈ ಬೀದಿಯಿಂದ ಹೊಳೆ ದಾಟಿ ಅಷ್ಟು ದೂರ ಬಟ್ಟೆ ಹೊಲಿಸಲು ಯಾರು ಹೋಗುತ್ತಾರೆ ಎಂದು ಓರಗಿತ್ತಿ ನಕ್ಕಾಳು. ಯಾರೂ ಬರುವುದಿಲ್ಲ, ನನಗೂ ಗೊತ್ತು. ಆದರೆ ಆ ದರದಲ್ಲಿ ಒಂದೇ ಮನೆಗೆ ಹಾಕುವುದಿಲ್ಲವಂತೆ, ಇಡೀ ಬೀದಿಯನ್ನೇ ತೆಗೆದುಕೊಳ್ಳಬೇಕಂತೆ. ತೆಗೆದುಕೊಂಡೆ.